‘ಸುಮ್ನ’ ಸಮುದ್ರಕ್ಕ ಹೋಗೋ ನೀರು

ಏಪ್ರಿಲ್‌ನ ಒಂದು ಬೆಳಿಗ್ಗೆ ಗೋವಾದ ರಿಬಂದರ್ ಧಕ್ಕೆಯ ಮೆಟ್ಟಿಲ ಮೇಲೆ ಕೂತು ಮಾಂಡವಿ ನದಿಗೆ ಉಪ್ಪಿನ ಮೀಟರು ಇಳಿಬಿಟ್ಟಿದ್ದೆ. ಫೆರ್ರಿಗೆ ಕಾಯುತ್ತಿದ್ದ ನವಲಗುಂದ ಕಡೆಯ ಗೌಂಡಿಯೊಬ್ಬರು ನನ್ನ ಫೋನ್ ಮಾತಿನ ಕನ್ನಡ ಕೇಳಿ ಹತ್ತಿರ ಬಂದರು. “ಇದು ನಮ್ಮ ಮಹದಾಯಿ ನೀರ ಅಲ್ರೀ ಸರ? ಸುಮ್ನ ಸಮುದ್ರದ ಪಾಲಾಗಾಕತ್ತೈತಲ್ರೀ.”

ಅದೇ ನೀರು. ನಮ್ಮ ಮಹದಾಯಿಗೆ ಗೋವಾದಲ್ಲಿ ಮಾಂಡವಿ ಎಂದು ಹೆಸರು. ಖಾನಾಪುರ ತಾಲ್ಲೂಕಿನ ದೇಗಾಂವ ಹತ್ತಿರ, ಭೀಮಗಡದ ಕಾಡಿನಲ್ಲಿ ಹುಟ್ಟಿ, ಸತ್ತರಿಯಲ್ಲಿ ಗೋವಾಕ್ಕೆ ಇಳಿದು, ದೂಧಸಾಗರದ ನೀರು ತರುವ ಖಾಂಡೇಪಾರವನ್ನು ಕೂಡಿಕೊಂಡು ಪಣಜಿಗೆ ಬರುತ್ತದೆ. ‘ಸುಮ್ನ’ ಎಂಬುದಕ್ಕಷ್ಟೇ ನನ್ನ ತಕರಾರು.

ಈ ನದಿಗೆ ಹಿಮದ ಆಸರೆಯಿಲ್ಲ. ವರ್ಷದ ನೀರಿನ ಬಹುಪಾಲು ಮಳೆಗಾಲದಲ್ಲೇ ಹರಿದುಹೋಗುತ್ತದೆ. ಜುಲೈಯಲ್ಲಿ ಇಲ್ಲಿ ಮೇಲ್ನೀರು ಹೆಚ್ಚುಕಮ್ಮಿ ಸಿಹಿ. ಮೀಟರನ್ನು ತಳಕ್ಕೆ ಬಿಟ್ಟರೆ ಭಾರವಾದ ಉಪ್ಪುನೀರು ಸಿಗುತ್ತದೆ. ಬೇಸಿಗೆಯಲ್ಲಿ ಎರಡೂ ಬೆರೆತುಬಿಡುತ್ತವೆ. ಉಬ್ಬರ ದೂರದ ಗಾಂಜೆ ಎಂಬ ಊರಿನ ತನಕ ಏರುತ್ತದೆ. ಆಗ ಉಪ್ಪನ್ನು ಹಿಂದಕ್ಕೆ ತಳ್ಳುವುದು ಘಟ್ಟದ ಕಾಡು ಜಿನುಗಿಸುವ ತೆಳ್ಳನೆಯ ಹರಿವು ಮಾತ್ರ.

ಎದುರಿಗೇ ಚೊರಾವೊ ದ್ವೀಪ. ಅದರ ಪಶ್ಚಿಮದ ತುದಿಯಲ್ಲಿ ಸಲೀಂ ಅಲಿ ಪಕ್ಷಿಧಾಮ, 1988ರಿಂದ ರಕ್ಷಿತ. ಬರೀ 1.78 ಚದರ ಕಿ.ಮೀ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಇದನ್ನು ಪೊರೆಯುವ ಜಲಾನಯನ 2,032 ಚದರ ಕಿ.ಮೀ., ಅದರಲ್ಲಿ 375 ನಮ್ಮ ಕರ್ನಾಟಕದ್ದು. ಬೇಲಿ ಎಲ್ಲಿ ಹಾಕುವುದು? ಕಾಂಡ್ಲಾ ಉಪ್ಪು ತಾಳುತ್ತದೆ ನಿಜ, ಆದರೆ ಸಸಿಗಳು ಚೆನ್ನಾಗಿ ಬೇರೂರಲು ಮಳೆಗಾಲದ ಸಪ್ಪೆ ನೀರು ಬೇಕು. ಕೆಸರಿನ ನೆಲ ಕೊಚ್ಚಿಹೋಗದೆ ನಿಲ್ಲಲು ಮೇಲಿನಿಂದ ಹೂಳೂ ಬರಬೇಕು. (ಅತಿಯಾದರೂ ಕಷ್ಟ. ಗಣಿಗಳ ಕೆಂಪು ಹೂಳು ಗೋವಾದ ನದಿಗಳನ್ನು ಕಾಡಿದ್ದು ಇಲ್ಲಿ ಎಲ್ಲರಿಗೂ ಗೊತ್ತು.)

ಉಬ್ಬರದ ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಇಲ್ಲಿನ ಖಾಜನ್ ಗದ್ದೆಗಳೂ ಅಷ್ಟೇ. ಕುಮಟಾದವರಿಗೆ ಗಜನಿ ಎಂದರೆ ತಟ್ಟನೆ ತಿಳಿಯುತ್ತದೆ. ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್. ಮಳೆನೀರು ಮಣ್ಣಿನ ಉಪ್ಪು ತೊಳೆದ ಮೇಲೆಯೇ ಬೇಸಾಯ.

ಆದ್ದರಿಂದ ವರ್ಷಕ್ಕೆ ಇಷ್ಟು ಟಿಎಂಸಿ ಎಂಬ ಲೆಕ್ಕ ನನಗೆ ಅರ್ಧ ಲೆಕ್ಕ. 2018ರ ಮಹದಾಯಿ ಜಲವಿವಾದ ನ್ಯಾಯಮಂಡಳಿಯ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ; ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9. ಯಾವ ತಿಂಗಳಲ್ಲಿ ಎಂಬುದೇ ನನ್ನ ಪ್ರಶ್ನೆ. ಜುಲೈಯಲ್ಲಿ ಎತ್ತಿದ ನೀರನ್ನು ಈ ಅಳಿವೆ ತಡೆದುಕೊಂಡೀತು. ಮಾರ್ಚ್‌ನಲ್ಲಿ ಎತ್ತಿದರೆ ಉಪ್ಪು ಇನ್ನಷ್ಟು ಒಳಕ್ಕೆ ಬರುತ್ತದೆ.

ದಡದ ಅವಿಸೆನಿಯಾ ಎಂಬ ಕಾಂಡ್ಲಾ ಗಿಡದ ಎಲೆಯೊಂದನ್ನು ಗೌಂಡಿಗೆ ಕಿತ್ತುಕೊಟ್ಟು ನೆಕ್ಕಿ ನೋಡಿ ಎಂದೆ. ಅದು ಹೀರಿದ ಉಪ್ಪನ್ನು ಎಲೆಯಿಂದ ಹೊರಹಾಕುತ್ತದೆ.

“ಉಪ್ಪೈತ್ರೀ!” ಎಂದು ನಕ್ಕವರು, ಬಾಯಿ ಒರೆಸಿಕೊಂಡು, “ಹಂಗಾರ ಮಾರ್ಚದಾಗ ನಮ್ಮೂರ ನಳಕ್ಕ ಎಲ್ಲಿಂದ ತರೂದ್ರೀ?” ಅಂದರು.

“ಜುಲೈದಾಗ ತುಂಬಿಸಿ ಇಟ್ಕೋಬೇಕ್ರೀ” ಎಂದೆ. ತುಂಬಿಸಿಡಲು ಯಾವ ಕಾಡು ಮುಳುಗಬೇಕು ಎಂದು ಅವರು ಕೇಳುವಷ್ಟರಲ್ಲಿ ಫೆರ್ರಿ ಬಂತು.