ರೆಸಿಪಿ ಅಂದರೆ 'ತಗೋ'

ಮೊನ್ನೆ ನಮ್ಮ ಔಷಧಿ ಅಂಗಡಿಗೆ ಬಂದ ಹಿರಿಯರೊಬ್ಬರು ಚೀಟಿ ಮುಂದಿಟ್ಟು, "ಎಸ್‌ಒಎಸ್ ಅಂತ ಬರೆದಿದ್ದಾರಲ್ಲ, ಅಷ್ಟು ಸೀರಿಯಸ್ಸಾ?" ಎಂದು ಕೇಳಿದರು. ಬರೆದಿದ್ದದ್ದು ಪ್ಯಾರಾಸಿಟಮಾಲ್. ಹಡಗಿನವರು ಅಪಾಯದಲ್ಲಿ ಕಳಿಸುವ ಎಸ್‌ಒಎಸ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ಲ್ಯಾಟಿನ್‌ನ 'ಸಿ ಓಪುಸ್ ಸಿಟ್'. 'ಬೇಕಿದ್ದರೆ' ಎಂದಷ್ಟೇ ಅರ್ಥ. ಜ್ವರ ಬಂದರೆ ನುಂಗಿ, ಇಲ್ಲಾಂದ್ರೆ ಬೇಡ. ಚೀಟಿಯಲ್ಲಿ ಕಾಣುವ 'ಬಿ.ಡಿ.' (BD) ಕೂಡ ಲ್ಯಾಟಿನ್ನೇ: 'ಬಿಸ್ ಡಿಯೆ', ದಿನಕ್ಕೆ ಎರಡು ಸಲ. ಈಗ 1-0-1 ಎಂದು ಬರೆಯುತ್ತಾರೆ. ನನ್ನ ಮಟ್ಟಿಗೆ ಅದೇ ವಾಸಿ.

ಆದರೆ ಚೀಟಿಯ ತಲೆಯ ಮೇಲಿನ ಆರ್‌ಎಕ್ಸ್ ಮಾತ್ರ ಜಾಗ ಬಿಟ್ಟು ಕದಲಿಲ್ಲ. ನಿಜಕ್ಕೂ ಅದರಲ್ಲಿ ಎಕ್ಸ್ ಇಲ್ಲವೇ ಇಲ್ಲ. ಇರುವುದು ಆರ್, ಅದರ ಕಾಲಿಗೊಂದು ಅಡ್ಡಗೀಟು. ಪದವನ್ನು ಮೊಟಕು ಮಾಡಿದಾಗ ಹಳೆಯ ಕಾಲದ ಬರಹಗಾರರು ಹೀಗೆ ಗೀಟು ಎಳೆಯುತ್ತಿದ್ದರು. ಮೊಟಕಾದ ಪದ ಯಾವುದು ಗೊತ್ತೇ? ರೆಸಿಪಿ! ಲ್ಯಾಟಿನ್‌ನಲ್ಲಿ ಅದು ಆಜ್ಞೆ, ಅದೂ ಏಕವಚನದಲ್ಲಿ. ಕನ್ನಡದಲ್ಲಿ ಸರಿಯಾಗಿ ಹೇಳಬೇಕೆಂದರೆ 'ತಗೋ'. 'ತಗೊಳ್ಳಿ' ಅಲ್ಲ, ಮರ್ಯಾದೆಯ ಮಾತೇ ಇಲ್ಲ.

ಹೀಗೆ ಗದರಿಸುತ್ತಿದ್ದದ್ದು ರೋಗಿಗಲ್ಲ, ನಮ್ಮಂಥವರಿಗೆ. ಆಗ ಮಾತ್ರೆ ಸ್ಟ್ರಿಪ್ಪಿನಲ್ಲಿ ಸಿದ್ಧವಾಗಿ ಬರುತ್ತಿರಲಿಲ್ಲ. 'ಇದನ್ನು ಇಷ್ಟು ತಗೋ, ಅದನ್ನು ಅಷ್ಟು ತಗೋ' ಎಂದು ವೈದ್ಯರು ಬರೆಯುತ್ತಿದ್ದರು. ಕೆಳಗೆ 'ಮಿಸ್ಕೆ', ಅಂದರೆ ಕಲಸು. ಆಮೇಲೆ 'ಸಿಗ್ನಾ', ಸೀಸೆಯ ಮೇಲೆ ಹೀಗೆ ಬರೆ. ನಮ್ಮೂರ ಕಾಂಪೌಂಡರ್ ಕೆಂಪು ಮಿಕ್ಸ್ಚರ್ ಕಲಸಿ, ಒಂದು ಸಲಕ್ಕೆ ಎಷ್ಟು ಎಂದು ತೋರಿಸಲು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಗೆ ಅಂಟಿಸಿ ಕೊಡುತ್ತಿದ್ದರಲ್ಲ, ಮಾಡುತ್ತಿದ್ದದ್ದು ಇದೇ ಕೆಲಸ.

'ಇಷ್ಟು ತಗೋ, ಕಲಸು' ಎಂಬುದು ಅಡುಗೆಮನೆಗೂ ಹೊಂದುವ ಮಾತೇ ಅಲ್ವಾ? ಹಾಗಾಗಿ ಇಂಗ್ಲಿಷಿನವರು ಮೊದಲು ಔಷಧಿಗೆ ಬಳಸಿದ ರೆಸಿಪಿ ಆಮೇಲೆ ಒಲೆಯ ಪಕ್ಕ ಹೋಯಿತು. ಅದಕ್ಕೂ ಮುಂಚೆ ಅಡುಗೆಯ ವಿಧಾನಕ್ಕೆ ಅವರು ಹೇಳುತ್ತಿದ್ದದ್ದು 'ರಿಸೀಟ್'. ಅದೂ ಇದೇ ಲ್ಯಾಟಿನ್ ಬೇರಿನ ಪದ. ಈಗ ಬಿಲ್ಲಿಗೆ ಅಂಟಿಕೊಂಡಿದೆ.

ಹಾಗಾದರೆ ನಮ್ಮ ರಸೀದಿ? ನಾನೂ ಎಷ್ಟೋ ವರ್ಷ ಅದನ್ನು ರಿಸೀಟಿನ ತಮ್ಮ ಎಂದೇ ತಿಳಿದಿದ್ದೆ. ಅಲ್ಲವಂತೆ. ಅದು ಪಾರಸಿಯ 'ರಸೀದ್'ನಿಂದ ಬಂದದ್ದು. ಅರ್ಥ, 'ತಲುಪಿತು'.