ಬೆಳ್ಳಕ್ಕಿ ಸಾಲೂ ಸೈಕಲ್ ಸಾಲೂ ಒಂದೇ ಅಲ್ಲ

ಬೆಳ್ಳಕ್ಕಿ ಸಾಲು ತಲೆಯ ಮೇಲೆ ಹಾದುಹೋದರೆ ನಾವು ಮಕ್ಕಳೆಲ್ಲ ಎರಡೂ ಕೈಯ ಉಗುರು ಉಜ್ಜುತ್ತಾ ಹೂ ಕೇಳುತ್ತಿದ್ದೆವು. ಉಗುರಿನ ಮೇಲೆ ಬಿಳಿ ಚುಕ್ಕಿ ಮೂಡಿದರೆ ಹಕ್ಕಿ ಕೊಟ್ಟಿತು ಅಂತ ಲೆಕ್ಕ. ಅವು ಯಾಕೆ ಹಾಗೆ ಓರೆಯಾಗಿ ಸಾಲುಗಟ್ಟುತ್ತವೆ ಅಂತ ಯಾರಿಗೂ ಹೊಳೆಯಲಿಲ್ಲ. ಈಗ ಭಾನುವಾರ ನಸುಕಿನಲ್ಲಿ ಹತ್ತು ಹನ್ನೆರಡು ಜನ ಸೈಕಲ್ ಏರಿ ಹೆಬ್ಬಾಳ ದಾಟಿ ನಂದಿ ಬೆಟ್ಟದ ಕಡೆ ಹೊರಟಾಗ, ಮುಂದಿನವನ ಹಿಂಚಕ್ರ ನೋಡುತ್ತಾ ಕೂತ ನನಗೆ ಆ ಪ್ರಶ್ನೆ ಕಾಡುತ್ತದೆ.

ನಮ್ಮ ಗುಂಪಿನಲ್ಲಿ ಒಬ್ಬರಿದ್ದಾರೆ. ಹೆಸರು ಬೇಡ. ಸಾಲಿನಲ್ಲಿ ಮುಂದಿರುವವನಿಗೆ ಗಾಳಿಯ ತಡೆ ಪೂರ್ತಿ, ಹಿಂದಿನವರಿಗೆ ಅವನ ಬೆನ್ನೇ ಮರೆ. ಮೊನ್ನೆ ಮೊನ್ನೆಯವರೆಗೆ, ಮೂರು ವರ್ಷದಲ್ಲಿ ಅವರು ಒಂದು ಸಲವೂ ಮುಂದೆ ಬಂದು ಗಾಳಿಗೆ ಎದೆಯೊಡ್ಡಿದ್ದನ್ನು ನಾನು ಕಂಡಿರಲಿಲ್ಲ. ಕೇಳಿದರೆ ವಾಟ್ಸಾಪ್‌ನ ತೋಳದ ಫೋಟೋ ತೋರಿಸುತ್ತಾರೆ. ನೀವೂ ನೋಡಿರುತ್ತೀರಿ. ಹಿಮದಲ್ಲಿ ಸಾಲಾಗಿ ನಡೆಯುವ ಇಪ್ಪತ್ತೈದು ತೋಳಗಳು. ಎಲ್ಲಕ್ಕಿಂತ ಮುಂದಿರುವ ಮೂರು ಮುದಿ, ರೋಗಿಷ್ಠ ತೋಳಗಳಂತೆ. ಕಟ್ಟಕಡೆಗೆ ಒಂಟಿಯಾಗಿ ಬರುವುದು ನಾಯಕನಂತೆ. "ನಾಯಕ ಹಿಂದಿರಬೇಕು ಸಾರ್, ಎಲ್ಲರನ್ನೂ ನೋಡ್ಕೋಬೇಕಲ್ವಾ?"

ಫೋಟೋ ನಿಜ, ಅದರ ಕೆಳಗಿನ ಬರಹ ಪೂರ್ತಿ ಬುರುಡೆ. ಅದು ಬಿಬಿಸಿಯ ಸಾಕ್ಷ್ಯಚಿತ್ರವೊಂದಕ್ಕಾಗಿ ಕೆನಡಾದ ವುಡ್ ಬಫಲೊ ರಾಷ್ಟ್ರೀಯ ಉದ್ಯಾನದಲ್ಲಿ ತೆಗೆದ ಚಿತ್ರ. ತೋಳಗಳು ಬೈಸನ್ ಬೇಟೆಗೆ ಹೊರಟಿದ್ದವು. ಚಿತ್ರ ತೆಗೆದ ತಂಡದವರ ಪ್ರಕಾರ ಮುಂದಿದ್ದದ್ದು ಗುಂಪಿನ ಮುಖ್ಯ ಹೆಣ್ಣು ತೋಳ. ಅವಳು ಹಿಮ ತುಳಿದು ದಾರಿ ಮಾಡುತ್ತಾಳೆ, ಉಳಿದವು ಅದೇ ಹೆಜ್ಜೆಯಲ್ಲಿ ಕಾಲಿಟ್ಟು ಶ್ರಮ ಉಳಿಸುತ್ತವೆ. ಇನ್ನು ಗುಂಪನ್ನು ಆಳುವ ತೋಳಕ್ಕೆ ಅನ್ನುವ 'ಆಲ್ಫಾ' ಎಂಬ ಪದವೇ ಒಂದು ಕಥೆ. 1947ರಲ್ಲಿ ಪ್ರಾಣಿವಿಜ್ಞಾನಿ ರುಡಾಲ್ಫ್ ಶೆಂಕೆಲ್ ವಿವರಿಸಿದ್ದು ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳ ಜಗಳವನ್ನು. ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು ಅಷ್ಟೇ ಎಂದು ತೋಳಗಳ ತಜ್ಞ ಡೇವಿಡ್ ಮೀಚ್ 1999ರಲ್ಲಿ ಸ್ಪಷ್ಟವಾಗಿ ಬರೆದರು. ಅಪ್ಪ ಮಗುವಿನ ಮುಂದೆ ನಡೆದರೆ ಅವನನ್ನು ಆಲ್ಫಾ ಅನ್ನುತ್ತೀವಾ?

ಆಫೀಸಿನ ತರಬೇತಿಗಳಲ್ಲಿ ತೋಳಕ್ಕೆ ಬದಲು ಹೆಬ್ಬಾತು ಬರುತ್ತದೆ. 'ವಿ' ಆಕಾರದಲ್ಲಿ ಹಾರಿದರೆ ಹೆಬ್ಬಾತುಗಳು 71 ಶೇಕಡಾ ಹೆಚ್ಚು ದೂರ ಹೋಗುತ್ತವೆ, ಹಿಂದಿನವು ಕೂಗಿ ಮುಂದಿನದ್ದನ್ನು ಹುರಿದುಂಬಿಸುತ್ತವೆ ಎಂಬ ಸ್ಲೈಡ್. ಆ 71 ಎಲ್ಲಿಂದ ಬಂತು ಗೊತ್ತಾ? 1970ರಲ್ಲಿ ಲಿಸಮನ್ ಮತ್ತು ಶಾಲನ್‌ಬರ್ಗರ್ ಎಂಬ ಇಬ್ಬರು ಸಂಶೋಧಕರು ಕಾಗದದ ಮೇಲೆ ಹಾಕಿದ ಲೆಕ್ಕದಿಂದ. ಇಪ್ಪತ್ತೈದು ಹಕ್ಕಿಗಳು, ಅದೂ ವಿಮಾನದ ಹಾಗೆ ರೆಕ್ಕೆ ಬಡಿಯದ ಹಕ್ಕಿಗಳು ಎಂದು ಊಹಿಸಿಕೊಂಡ ಲೆಕ್ಕ. ನಿಜವಾದ ಹಕ್ಕಿಗೆ ಯಂತ್ರ ಕಟ್ಟಿ ಅಳೆದದ್ದು 2001ರಲ್ಲಿ, ಪಳಗಿಸಿದ ಪೆಲಿಕನ್‌ಗಳ ಮೇಲೆ. ಎದೆಬಡಿತದ ಲೆಕ್ಕದಲ್ಲಿ ಉಳಿತಾಯ ಸುಮಾರು 11ರಿಂದ 14 ಶೇಕಡಾ. ಅದೇನೂ ಕಡಿಮೆಯಲ್ಲ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳಂತೆ ಹಿಮಾಲಯ ದಾಟಬೇಕಾದವಕ್ಕೆ ಒಂದೊಂದು ಗುಟುಕು ಉಸಿರೂ ಲೆಕ್ಕಕ್ಕೆ ಬರುತ್ತದೆ.

ಸೈಕಲ್ ಕ್ಲಬ್‌ನವರು ಇಲ್ಲೇ ಎಡವುತ್ತಾರೆ. "ಹಕ್ಕಿಗಳೂ ಡ್ರಾಫ್ಟಿಂಗ್ ಮಾಡ್ತವೆ" ಅಂತ ಟೀ ಶರ್ಟ್ ಮೇಲೆ ಹಾಕಿಕೊಳ್ಳುತ್ತಾರೆ. ಇಲ್ಲ, ಮಾಡುವುದಿಲ್ಲ. ಸೈಕಲ್ಲಿನವನು ಮಾಡುವುದು ಗಾಳಿ ಮರೆಯಲ್ಲಿ ಅಡಗುವ ಕೆಲಸ. ಊರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸೈಕಲ್ ತುಳಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಮೆರಿಕದ ಚಾರ್ಲ್ಸ್ ಮರ್ಫಿ 1899ರಲ್ಲಿ ಇದನ್ನೇ ರೈಲಿನ ಹಿಂದೆ ಮಾಡಿದ. ಲಾಂಗ್ ಐಲೆಂಡ್‌ನಲ್ಲಿ ಹಳಿಗಳ ನಡುವೆ ಹಲಗೆ ಹಾಸಿ, ಬೋಗಿಯ ಹಿಂದೆ ಮರೆ ಕಟ್ಟಿಸಿ, ಒಂದು ಮೈಲಿಯನ್ನು 57.8 ಸೆಕೆಂಡಿನಲ್ಲಿ ತುಳಿದ. 2018ರಲ್ಲಿ ಡೆನಿಸ್ ಮುಲ್ಲರ್ ಕೊರೆನೆಕ್ ಎಂಬ ಮಹಿಳೆ ರೇಸ್ ಕಾರಿನ ಹಿಂದೆ ಗಂಟೆಗೆ 296 ಕಿ.ಮೀ. ಮುಟ್ಟಿದರು. ಸೈಕಲ್ಲಿನಲ್ಲಿ! ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಬೇಕಾಗುವ ಶಕ್ತಿ ಎಂಟು ಪಟ್ಟು. ಗಾಳಿಯನ್ನು ತೆಗೆದುಬಿಟ್ಟರೆ ಉಳಿಯುವ ಕೆಲಸ ಅಷ್ಟು ಸ್ವಲ್ಪ.

ಹಕ್ಕಿಯ ಕಥೆ ಬೇರೆ. ಅದು ಮರೆ ಹುಡುಕುವುದಿಲ್ಲ, ಏರುವ ಗಾಳಿ ಹುಡುಕುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ಒತ್ತುತ್ತದೆ. ಒತ್ತಿದ ಗಾಳಿ ಎಲ್ಲಿಗೆ ಹೋಗಬೇಕು? ಜೋಳದ ರೊಟ್ಟಿಯ ಹಿಟ್ಟನ್ನು ಅಂಗೈಯಲ್ಲಿ ಒತ್ತಿ ನೋಡಿ, ಕೈಯ ಅಂಚಿನಲ್ಲಿ ಹಿಟ್ಟು ಮೇಲೇಳುತ್ತದೆ. ಹಂಡೆಯ ನೀರಿನಲ್ಲಿ ಅಂಗೈಯನ್ನು ಗಕ್ಕನೆ ಕೆಳಗೊತ್ತಿ, ಪಕ್ಕದಲ್ಲಿ ನೀರು ಉಕ್ಕುತ್ತದೆ. ಹರಿಗೋಲಿನವನು ಹುಟ್ಟು ಹಾಕಿದಾಗ ಅದರ ಅಂಚಿನಲ್ಲಿ ಸುಳಿ ಏಳುತ್ತದಲ್ಲ, ಹಾಗೆ ಪ್ರತಿ ರೆಕ್ಕೆಯ ತುದಿಯಿಂದ ಒಂದು ಸುಳಿ ಹಿಂದಕ್ಕೆ ಎಳೆದುಕೊಂಡು ಬರುತ್ತದೆ. ಸುಳಿಯ ಒಳಬದಿಯಲ್ಲಿ ಗಾಳಿ ಇಳಿಯುತ್ತದೆ, ಹೊರಬದಿಯಲ್ಲಿ ಏರುತ್ತದೆ. ಏರುವ ಕಡೆ ರೆಕ್ಕೆ ಇಟ್ಟರೆ ಪುಕ್ಕಟೆ ಎತ್ತುವಿಕೆ. ನೇರ ಬೆನ್ನ ಹಿಂದೆ, ಅಂದರೆ ಸೈಕಲ್ಲಿನವನಿಗೆ ಸ್ವರ್ಗವಾದ ಜಾಗದಲ್ಲಿ ಹಾರಿದರೆ, ತಲೆಯ ಮೇಲೆ ಯಾರೋ ಕೂತು ಒತ್ತಿದಂತೆ. ಅದಕ್ಕೇ ಆ ಓರೆ ಸಾಲು. 1914ರಲ್ಲೇ ಜರ್ಮನಿಯ ವೀಸೆಲ್ಸ್‌ಬರ್ಗರ್ ಎಂಬ ವಿಜ್ಞಾನಿ ಇದನ್ನು ಬರೆದಿಟ್ಟಿದ್ದರು.

ಪಕ್ಕಗಾಳಿ ಬೀಸಿದಾಗ ರೇಸಿನವರೂ ಓರೆ ಸಾಲು ಕಟ್ಟುತ್ತಾರೆ, ನಿಜ. ನೋಡಲು ಹೆಬ್ಬಾತಿನ ಹಾಗೇ. ಆದರೆ ಅದೂ ಮರೆಯೇ. ಮರೆ ಪಕ್ಕಕ್ಕೆ ಸರಿದಿರುತ್ತದೆ ಅಷ್ಟೇ. ದೇವನಹಳ್ಳಿ ರಸ್ತೆಯಲ್ಲಿ ದಯವಿಟ್ಟು ಬೇಡ, ಲಾರಿಯವರಿಗೆ ವಾಯುಶಾಸ್ತ್ರ ಗೊತ್ತಿಲ್ಲ.

ಹಾಗಾದರೆ ಹಕ್ಕಿಯಿಂದ ಕಲಿಯುವುದೇನು? ಸರದಿ. ಬೋಳುತಲೆಯ ಐಬಿಸ್ ಎಂಬ ಹಕ್ಕಿ ಮಧ್ಯ ಯುರೋಪಿನಿಂದ ಸುಮಾರು 400 ವರ್ಷದ ಹಿಂದೆ ಮರೆಯಾಗಿತ್ತು. ಆಸ್ಟ್ರಿಯಾದಲ್ಲಿ ಮರಿಗಳನ್ನು ಕೈಯಾರೆ ಸಾಕಿ, ಪುಟ್ಟ ವಿಮಾನದ ಹಿಂದೆ ಹಾರಿಸಿ, ಇಟಲಿಗೆ ವಲಸೆಯ ದಾರಿ ಕಲಿಸುವ ಕೆಲಸ ನಡೆಯಿತು. ವಿಜ್ಞಾನಿಗಳು 14 ಹಕ್ಕಿಗಳ ಬೆನ್ನಿಗೆ ಜಿಪಿಎಸ್ ಕಟ್ಟಿದರು. 2014ರಲ್ಲಿ ಬಂದ ಫಲಿತಾಂಶ ನನ್ನನ್ನು ಇನ್ನೂ ಬಿಟ್ಟಿಲ್ಲ. ಹಿಂದಿನ ಹಕ್ಕಿ ತನ್ನ ರೆಕ್ಕೆಯ ತುದಿಯನ್ನು ಮುಂದಿನದ್ದರ ರೆಕ್ಕೆ ಗಾಳಿಯಲ್ಲಿ ಬಿಟ್ಟ ದಾರಿಯಲ್ಲೇ ಆಡಿಸುತ್ತದೆ. ಅಕಸ್ಮಾತ್ ನೇರ ಹಿಂದೆ ಸಿಕ್ಕಿಕೊಂಡರೆ ರೆಕ್ಕೆ ಬಡಿತದ ತಾಳವನ್ನು ತಿರುಗಾ ಮುರುಗಾ ಮಾಡಿ ಇಳಿಗಾಳಿ ತಪ್ಪಿಸುತ್ತದೆ. ಮರುವರ್ಷದ ಲೆಕ್ಕ ಇನ್ನೂ ಚೆಂದ. ಒಂದೊಂದು ಹಕ್ಕಿಯೂ ಸರಾಸರಿ ಶೇ. 32ರಷ್ಟು ಹೊತ್ತು ಇನ್ನೊಂದರ ಹಿಂದೆ ಲಾಭ ಪಡೆಯಿತು, ಲಾಭ ಪಡೆದಷ್ಟಕ್ಕೆ ತಕ್ಕಂತೆ ಮುಂದೆಯೂ ಹಾರಿತು. ಜೋಡಿ ಜೋಡಿಯಾಗಿ ನೋಡಿದರೂ ಕೊಟ್ಟದ್ದು, ತೆಗೆದುಕೊಂಡದ್ದು ಸಮ. ಬಿಟ್ಟಿ ಸವಾರಿಯವರು ಸಿಗಲಿಲ್ಲ.

ಗುಟ್ಟು ತ್ಯಾಗದಲ್ಲಿಲ್ಲ. ಸರದಿ ಚಿಕ್ಕದು, ಬದಲಾವಣೆ ಪದೇ ಪದೇ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಂತೆ ಸಾಲ ದೊಡ್ಡದಾಗುವ ಮೊದಲೇ ತೀರಿಸಿಬಿಟ್ಟರೆ ಮೋಸಕ್ಕೆ ಜಾಗವೇ ಇಲ್ಲ.

ಎಂಪರರ್ ಪೆಂಗ್ವಿನ್‌ಗಳು ಅಷ್ಟೂ ಲೆಕ್ಕ ಇಡುವುದಿಲ್ಲ. ಅಂಟಾರ್ಕ್ಟಿಕಾದ ಗಾಳಿಯಲ್ಲಿ ಒತ್ತೊತ್ತಾಗಿ ನಿಂತ ಗುಂಪಿನಲ್ಲಿ 30ರಿಂದ 60 ಸೆಕೆಂಡಿಗೊಮ್ಮೆ ಐದು ಹತ್ತು ಸೆಂಟಿಮೀಟರಿನ ಪುಟ್ಟ ಹೆಜ್ಜೆ ಅಲೆಯಂತೆ ಸಾಗುತ್ತದೆ. ಗಾಳಿ ಬಡಿಯುವ ಕಡೆಯ ಪೆಂಗ್ವಿನ್ ಅಂಚು ಹಿಡಿದು ಮರೆಯ ಕಡೆ ನಡೆಯುತ್ತದೆ. ಅದು ಹೋದ ಮೇಲೆ ಒಳಗಿದ್ದದ್ದು ಹೊರಗಿನದ್ದಾಗುತ್ತದೆ. 2012ರ ಒಂದು ಗಣಿತ ಮಾದರಿಯಲ್ಲಿ ಪ್ರತಿಯೊಂದೂ ಸುಮ್ನೆ ತನ್ನ ಬಿಸಿ ನೋಡಿಕೊಂಡರೂ ಶಾಖ ಹೆಚ್ಚು ಕಡಿಮೆ ಸಮನಾಗಿ ಹಂಚಿಹೋಯಿತು. ಸೈಕಲ್ ರೇಸಿನ ದೊಡ್ಡ ಗುಂಪೂ ಇಂಥದ್ದೇ. 2018ರಲ್ಲಿ ಬರ್ಟ್ ಬ್ಲಾಕೆನ್ ಎಂಬ ವಿಜ್ಞಾನಿಯ ತಂಡ 121 ಸವಾರರ ಗುಂಪನ್ನು ಕಂಪ್ಯೂಟರಿನಲ್ಲೂ ಗಾಳಿ ಸುರಂಗದಲ್ಲೂ ಪರೀಕ್ಷಿಸಿತು. ಹಿಂಬದಿಯ ನಡುವೆ ಕೂತವನಿಗೆ ತಾಗುವ ತಡೆ, ಒಂಟಿ ಸವಾರನಿಗೆ ತಾಗುವುದರ 5ರಿಂದ 10 ಶೇಕಡಾ ಮಾತ್ರ.

ಭಾನುವಾರದ ಗುಂಪು ಅಷ್ಟು ದೊಡ್ಡದಲ್ಲ. ಹಾಗಾಗಿ ನಮಗೆ ಪೆಂಗ್ವಿನ್ ಅಲ್ಲ, ಐಬಿಸ್ಸೇ ಗುರು. ನಮ್ಮಲ್ಲಿ ಕೆಡುಕು ಮಾಡುವವರು ಬಾಲದವರು ಮಾತ್ರ ಅಲ್ಲ, ಮುಂದೆ ಬಂದ ಕೂಡಲೇ ವೇಗ ಏರಿಸಿ ಹತ್ತು ನಿಮಿಷ ಬಿಡದೆ ಎಳೆಯುವ ಶೂರರೂ ಅಷ್ಟೇ. ಅವರು ಇಳಿಯುವ ಹೊತ್ತಿಗೆ ಕಾಲು ಸತ್ತಿರುತ್ತದೆ, ಹಿಂದೆ ಮೂವರು ಕಳಚಿಕೊಂಡಿರುತ್ತಾರೆ.

ಎರಡು ತಿಂಗಳಿಂದ ನಾವು ಒಂದೊಂದು ನಿಮಿಷದ ಸರದಿ ಮಾಡಿದ್ದೇವೆ. ಮುಂದಿನವರು ಮೊಣಕೈ ಆಡಿಸಿ ಪಕ್ಕಕ್ಕೆ ಸರಿಯಬೇಕು, ಅಷ್ಟೇ. ನಮ್ಮ ತೋಳದ ಫೋಟೋದವರು ಮೊದಲ ವಾರ ಚೈನ್ ಸರಿಯಿಲ್ಲ ಅಂದರು, ಎರಡನೇ ವಾರ ಮಂಡಿ ನೋವು ಅಂದರು. ಮೂರನೇ ವಾರ ಮುಂದೆ ಬಂದರು. ನಲವತ್ತು ಸೆಕೆಂಡ್ ಇದ್ದರು. ಆಮೇಲೆ ನಂದಿಯ ಕೊನೆಯ ಏಳೆಂಟು ಕಿ.ಮೀ. ಏರು ಶುರುವಾಯಿತು. ವೇಗ ಹತ್ತಕ್ಕೆ ಇಳಿದರೆ ಗಾಳಿ ಮರೆಗೆ ಬೆಲೆಯೇ ಇಲ್ಲ. ಅಲ್ಲಿ ಅವರಿಗೆ ಅಡಗಲು ಯಾರ ಬೆನ್ನೂ ಸಿಗಲಿಲ್ಲ. ನನಗೂ ಸಿಗಲಿಲ್ಲ ಅನ್ನಿ.