ಎರೆಮಣ್ಣಿನಲ್ಲಿ ಕೇಪಳದ ಗಿಡ

ಕರಾವಳಿಯಿಂದ ಆಸೆಪಟ್ಟು ತಂದ, ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುವ ಕೇಪಳವನ್ನು (ಇಕ್ಸೋರಾ) ವಿಜಯಪುರದ ಎರೆಮಣ್ಣಿನ ಅಂಗಳದಲ್ಲಿ ನೆಟ್ಟರೆ, ನೀರಿಗೆ ಕೊರತೆ ಇಲ್ಲದಿದ್ದರೂ ಅದರ ಚಿಗುರೆಲೆಗಳು ಹಳದಿಗೆ ತಿರುಗಿ, ನರಗಳು ಮಾತ್ರ ಹಸಿರಾಗಿ ಉಳಿಯುವುದುಂಟು. ಬಿಸಿಲು ಹೆಚ್ಚಾಯಿತೆಂದು ನೆರಳು ಕಟ್ಟಿದರೂ ಗಿಡ ಚೇತರಿಸಿಕೊಳ್ಳುವುದಿಲ್ಲ. ಕಾರಣವಿರುವುದು ಮಣ್ಣಿನಲ್ಲಿ, ಆ ಮಣ್ಣನ್ನು ಬಹುಕಾಲದಿಂದ ರೂಪಿಸಿದ ಹವಾಮಾನದಲ್ಲಿ.

ಉಡುಪಿಯ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ. ಆ ನೀರು ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೆಚ್ಚಾಗಿರುವ ಆಮ್ಲೀಯವಾದ ಮುರಕಲ್ಲಿನ ಮಣ್ಣನ್ನು ಉಳಿಸಿದೆ; ಕೇಪಳ ಒಗ್ಗಿಕೊಂಡಿರುವುದು ಅಂಥ ನೆಲಕ್ಕೆ. ವಿಜಯಪುರದಲ್ಲಿ ಬೀಳುವ ಮಳೆ 600 ಮಿ.ಮೀ. ಆಸುಪಾಸಿನದು. ಅಷ್ಟು ನೀರಿಗೆ ಸುಣ್ಣದ ಅಂಶ ತೊಳೆದುಹೋಗದೆ ನೆಲದಲ್ಲೇ ನಿಲ್ಲುವುದರಿಂದ ಮಣ್ಣು ಕ್ಷಾರೀಯವಾಗಿರುತ್ತದೆ. ಅಲ್ಲಿಯೂ ಕಬ್ಬಿಣಕ್ಕೆ ಬರವಿಲ್ಲ, ಆದರೆ ಕ್ಷಾರೀಯ ಮಣ್ಣಿನಲ್ಲಿ ಅದು ನೀರಿನಲ್ಲಿ ಕರಗದ ಕಾರಣ ಬೇರುಗಳಿಗೆ ದಕ್ಕುವುದಿಲ್ಲ. ಕಬ್ಬಿಣವಿಲ್ಲದೆ ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ತಯಾರಾಗದು. ಹಳೆಯ ಎಲೆಗಳಲ್ಲಿರುವ ಕಬ್ಬಿಣ ಚಿಗುರಿಗೆ ಸುಲಭವಾಗಿ ಸಾಗುವುದೂ ಇಲ್ಲವಾದ್ದರಿಂದ ಮೊದಲು ಬಣ್ಣಗೆಡುವುದು ಎಳೆಯೆಲೆ. ಕುಂಡದಲ್ಲಿ ಬೇರೆ ಮಣ್ಣು ತುಂಬಿ ನೆಟ್ಟರೂ, ಕೊಳವೆಬಾವಿಯ ಗಡಸು ನೀರನ್ನೇ ಹಾಕುತ್ತಿದ್ದರೆ ಸುಣ್ಣ ಮೆಲ್ಲಮೆಲ್ಲನೆ ಅಲ್ಲಿಗೂ ಸೇರುತ್ತದೆ.

ಹಾಗಾಗಿ ಬಯಲುಸೀಮೆಯ ಅಂಗಳಕ್ಕೆ ನಾನು ಮೊದಲು ಹೇಳುವುದು ಕಣಗಿಲೆಯ ಹೆಸರನ್ನು. ಕ್ಷಾರೀಯ ಮಣ್ಣನ್ನು ಅದು ತಾಳಿಕೊಳ್ಳುತ್ತದೆ. ಅದರ ಎಲೆಯಡಿಯ ಪತ್ರರಂಧ್ರಗಳು ರೋಮಗಳಿಂದ ತುಂಬಿದ ಸಣ್ಣ ಕುಳಿಗಳೊಳಗೆ ಅಡಗಿದ್ದು, ಒಣಗಾಳಿ ನೇರವಾಗಿ ತಾಗದಿರುವುದರಿಂದ ನೀರಾವಿ ನಿಧಾನವಾಗಿ ಹೊರಹೋಗುತ್ತದೆ. ಆದರೆ ಗಿಡದ ಎಲ್ಲ ಭಾಗಗಳೂ ವಿಷ. ಚಿಕ್ಕ ಮಕ್ಕಳ, ದನಕರುಗಳ ಬಾಯಿಗೆ ಎಟುಕುವಲ್ಲಿ ಅದನ್ನು ದಯವಿಟ್ಟು ನೆಡಬಾರದು. ಅಂಥ ಕಡೆ ಗೋಡೆಗೆ ಹಬ್ಬಿಸಲು ಕಾಗದದ ಹೂವಿನ ಬಳ್ಳಿ ಸಾಕು.

ಸಸಿ ಕೊಳ್ಳುವ ಮುನ್ನ ಅಂಗಳದ ಒಂದು ಹಿಡಿ ಒಣಮಣ್ಣಿನ ಮೇಲೆ ಸ್ವಲ್ಪ ವಿನೆಗರ್ ಸುರಿದು ನೋಡಬಹುದು. ಬುಸುಬುಸು ನೊರೆ ಎದ್ದರೆ ಆ ಮಣ್ಣಿನಲ್ಲಿ ಸುಣ್ಣ ಧಾರಾಳವಾಗಿದೆ ಎಂದರ್ಥ. ಕೇಪಳಕ್ಕೆ ಅದು ಒಗ್ಗುವ ನೆಲವಲ್ಲ.